ಎಡಬಲ

ಲಿನೋ ಹಾಳೆಯ ಮೇಲೆ ಮೊದಲು ಎಳೆದದ್ದು
ದಿಗಂತದ ಗೆರೆ.
ಅದನ್ನು ಕೆಳಗಿಟ್ಟರೆ ಗೋಳಗುಮ್ಮಟ ಎದ್ದು ನಿಲ್ಲುತ್ತದೆ,
ಮೇಲಿಟ್ಟರೆ ಕೂತುಬಿಡುತ್ತದೆ.
ನಾನು ಕೆಳಗಿಟ್ಟೆ, ತೀರ ಕೆಳಗೆ,
ನೆಲದಲ್ಲಿ ಬೋರಲು ಮಲಗಿ ತಲೆಯೆತ್ತಿದವಳು ಕಂಡಹಾಗೆ.
ಮಲಗಿರಲಿಲ್ಲ. ರಸ್ತೆಯಾಚೆ, ಕಬ್ಬಿನಹಾಲಿನ ಗಾಡಿಯ ಪಕ್ಕ
ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದೆ.

ಆಮೇಲೆ ತೆಗೆಯುವ ಕೆಲಸ.
ಕರೆಂಟಿನ ತಂತಿ ತೆಗೆದೆ. ಟವರು ತೆಗೆದೆ.
ಹುಟ್ಟುಹಬ್ಬದ ಬ್ಯಾನರಿನಲ್ಲಿ ಕೈಮುಗಿದ ಹನ್ನೊಂದು ಜನರನ್ನು
ಒಬ್ಬೊಬ್ಬರಾಗಿ ತೆಗೆದೆ.
ಗುಮ್ಮಟಕ್ಕೆ ಅಡ್ಡ ನಿಂತ ನಗಾರಖಾನೆ,
ಶತಮಾನಗಳಿಂದ ಯಾರಿಗೂ ಜಗ್ಗದ್ದು,
ಉಳಿಯ ನಾಲ್ಕು ತಿರುವಿಗೆ ಬಯಲಾಯಿತು.
ಕಟ್ಟಿಸಿದ ಬಾದಶಹನಿಗೂ ಇಷ್ಟು ಅಧಿಕಾರ ಇದ್ದಿಲ್ಲ ಅನಿಸಿ
ಸ್ವಲ್ಪ ಹೊತ್ತು ಉಳಿ ಕೆಳಗಿಟ್ಟೆ.

ಆದರೂ ಗುಮ್ಮಟ ದೊಡ್ಡದಾಗಲಿಲ್ಲ.
ಖಾಲಿ ಬಯಲಲ್ಲಿ ಅದು
ಯಾರೋ ತೊಳೆದು ಬೋರಲು ಹಾಕಿದ ಬೋಗುಣಿ.
ಪಕ್ಕಕ್ಕೊಬ್ಬ ಮನುಷ್ಯ ಬೇಕು, ಅಳತೆಗೆ.

ಆಗ ಬಂದದ್ದು ರಾಜೇಸಾಬ ಚಾಬುಕಸವಾರನ ಟಾಂಗಾ.
ಅಗಸಿಯ ಕಡೆ ಹೊರಟಿತ್ತು, ಬಿಸಿಲು ಇಳಿದಿತ್ತು,
ಗಾಲಿಯ ನೆರಳು ಹಿಂದೆ ಉದ್ದ ಎಳೆದುಕೊಂಡು ಹೋಗುತ್ತಿತ್ತು.
ಕಂಡದ್ದು ಕಂಡಹಾಗೆ ಕೆತ್ತಿದೆ, ಹೆಬ್ಬೆರಳ ಉಗುರಿನಷ್ಟು.
ಈ ಕೆಲಸದಲ್ಲಿ ಬಿಸಿಲೆಂದರೆ ಕೆತ್ತಿ ಎಸೆದದ್ದು,
ನೆರಳೆಂದರೆ ಮುಟ್ಟದೆ ಬಿಟ್ಟದ್ದು.

ನಲವತ್ತು ಪ್ರತಿ ತೆಗೆದೆ.
ಟೌನ್ ಹಾಲಿನ ಪ್ರದರ್ಶನದಲ್ಲಿ ಒಬ್ಬರು ಅಂದರು,
'ಊರು ಈಗಷ್ಟೇ ಎಚ್ಚರಾಗ್ತಾ ಇದೆ.'
ಇನ್ನೊಬ್ಬರು, 'ಎಂಥ ಬೆಳಗು!'
ನಾನು ನಕ್ಕೆ. ಹೊಗಳಿಕೆ ಅಂದುಕೊಂಡೆ.

ಒಂದು ಪ್ರತಿ ರಾಜೇಸಾಬನಿಗೆ ಒಯ್ದೆ.
ಚೀಲದಿಂದ ಕನ್ನಡಕ ಹುಡುಕಿ ತೆಗೆದ,
ಗುಮ್ಮಟ ನೋಡಲಿಲ್ಲ.
'ಅಕ್ಕಾರ, ನಾ ಆವತ್ತ ಮನಿಗಿ ಹೊಂಟಿದ್ನಿ.
ಶಾಣಿ ದಣದಿತ್ತು, ಹಿಂದ ಹಸೀ ಹುಲ್ಲಿನ ಸಿವುಡಿತ್ತು.
ನೀವು ಹೊಳ್ಳಿಸಿ
ಮತ್ತ ಸ್ಟೇಷನ್ನಿಗಿ ಕಳಿಸೀರಲ್ರಿ.'

ಅಚ್ಚಿನಲ್ಲಿ ಎಡ ಬಲವಾಗುತ್ತದೆ.
ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಪಾಠ.
ಗುಮ್ಮಟಕ್ಕೇನು, ನಾಲ್ಕು ಮೂಲೆಗೆ ನಾಲ್ಕು ಮಿನಾರು,
ತಿರುವಿಟ್ಟರೂ ಅದೇ.
ತಿರುವುಮುರುವಾದದ್ದು ಇವನೊಬ್ಬನೇ.
ಅವನ ನೆರಳು ಪಡುವಣಕ್ಕೆ ಬಿತ್ತು, ಸಂಜೆ ಮುಂಜಾನೆಯಾಯಿತು,
ದಿನವಿಡೀ ದುಡಿದವನು
ನಲವತ್ತು ಗೋಡೆಗಳ ಮೇಲೆ
ಈಗ ಬಾಡಿಗೆ ಹುಡುಕಿಕೊಂಡು ಹೊರಟಿದ್ದಾನೆ.

'ಮತ್ತ ಇಷ್ಟ ಸಣ್ಣ ಯಾಕ ಮಾಡೀರಿ?'
ಗುಮ್ಮಟ ದೊಡ್ಡದು ಕಾಣಲಿ ಅಂತ, ಎಂದೆ.
'ಹಂಗಾರ ಅದರ ದೊಡ್ಡಸ್ತಿಕಿ
ನನ್ನ ಮ್ಯಾಲ ಬಂತಂದಂಗಾತು.'
ಬೈದನೋ ನಕ್ಕನೋ ತಿಳಿಯಲಿಲ್ಲ.
'ಹತ್ರಿ ಮ್ಯಾಲ, ಇಲ್ಲಿಂದ ನೋಡ್ರಿ.'

ಹತ್ತಿದೆ. ಮೊದಲು ಕಂಡದ್ದು ಕುದುರೆಯ ಬೆನ್ನು,
ಬೆವರು ಒಣಗಿ ಬಿಳಿಯಾದ ಗೆರೆ,
ಆಮೇಲೆ ಎರಡು ಕಿವಿ. ಕಿವಿಗಳ ನಡುವೆ, ದೂರ,
ಸಂತೆಯ ಲಿಂಬೆಹಣ್ಣಿನಷ್ಟು ಗುಮ್ಮಟ.
ಶಾಣಿ ನೊಣಕ್ಕೆ ಕಿವಿ ಕೊಡವಿತು,
ಗುಮ್ಮಟ ಹೋಯಿತು, ಬಂತು.
ಶಾಣಿಯ ಕಣ್ಣಿಗೆ ಎರಡೂ ಬದಿ ಚರ್ಮದ ಪಟ್ಟಿ.
ಅದಕ್ಕೆ ತಂತಿ ಇಲ್ಲ, ಬ್ಯಾನರಿಲ್ಲ.
ನನ್ನಷ್ಟೇ ಚೆನ್ನಾಗಿ ಊರನ್ನು ಕತ್ತರಿಸಿಕೊಂಡಿದೆ.

ಅವನು ಅಚ್ಚನ್ನು ಮರಳಿ ಕೊಟ್ಟ.
ಹಲಗೆ ಕೇಳಿದ. ಕೊಟ್ಟೆ.
ಮಸಿ ತೊಳೆದ ಆ ಲಿನೋ ತುಂಡು
ಈಗ ಅವನ ಕೊಟ್ಟಿಗೆಯ ಗೋಡೆಗೆ, ಮೊಳೆಯೊಂದಕ್ಕೆ.
ಅದರಲ್ಲಿ ಟಾಂಗಾ ಮನೆಗೆ ಬರುತ್ತಿದೆ.

ಮೇಜಿನ ಮೇಲೆ ಹೊಸ ಹಾಳೆ.
ದಿಗಂತ ಇನ್ನೂ ಎಳೆದಿಲ್ಲ, ಎರಡು ಕಿವಿ ಮಾತ್ರ.
ಶಾಣಿಯ ಎಡಗಿವಿಯ ತುದಿ ಸ್ವಲ್ಪ ಹರಿದಿದೆ.
ಆ ಹರಕನ್ನು
ಈ ಸಲ ಬಲಕ್ಕೆ ಕೆತ್ತುತ್ತಿದ್ದೇನೆ.